ಕೆಜಿಎಫ್‌ನಲ್ಲಿ ರಾಕಿ ಇರಲಿಲ್ಲ, ಯೂನಿಯನ್ ಇತ್ತು

ಬರ್ತ್‌ಡೇ ಕೇಕನ್ನು ಲಾಂಗಿನಲ್ಲಿ ಕತ್ತರಿಸಿ ರೀಲ್ಸ್ ಹಾಕಿದ ಹುಡುಗರ ಮೇಲೆ ಪೊಲೀಸರು ಕೇಸು ಹಾಕಿದ ಸುದ್ದಿ ಆಗಾಗ ಯಾವುದಾದರೊಂದು ಊರಿಂದ ಬರುತ್ತಲೇ ಇರುತ್ತೆ. ಬಂದ ಕೂಡಲೇ ಹಳೇ ಜಗಳ ಶುರು. 'ಸಿನಿಮಾ ನೋಡಿ ಹುಡುಗ್ರು ಹಾಳಾದ್ರು' ಅನ್ನೋರು ಒಂದು ಕಡೆ, 'ಸಿನಿಮಾನ ಸಿನಿಮಾ ಥರ ನೋಡ್ರಪ್ಪ' ಅನ್ನೋರು ಇನ್ನೊಂದು ಕಡೆ. ನನಗೆ ಈ ಎರಡೂ ವಾದ ಸಾಲದು ಅನ್ನಿಸುತ್ತೆ. ಸಿನಿಮಾ ನೋಡಿ ಯಾರೂ ರಾತ್ರೋರಾತ್ರಿ ರೌಡಿ ಆಗಲ್ಲ, ನಿಜ. ಆದರೆ ರೌಡಿಸಂ ಯಾಕೆ ಹುಟ್ಟುತ್ತೆ, ಯಾರ ದುಡ್ಡಲ್ಲಿ ಬೆಳೆಯುತ್ತೆ, ಕೊನೆಗೆ ಯಾರ ಮೇಲೆ ಬೀಳುತ್ತೆ ಎಂಬುದರ ಬಗ್ಗೆ ನಮ್ಮ ತಲೆಯಲ್ಲಿರುವ ಚಿತ್ರವನ್ನು ಬಹುಪಾಲು ಬರೆದುಕೊಟ್ಟಿರೋದು ಸಿನಿಮಾನೇ. ರಾಜಕೀಯದ ಪ್ರಶ್ನೆ ಇರೋದು ಅಲ್ಲಿ.

ಕನ್ನಡದಲ್ಲಿ ಈ ಚಿತ್ರಕ್ಕೆ ಅಡಿಪಾಯ ಹಾಕಿದ್ದು 1995ರ 'ಓಂ'. ಅರ್ಚಕರ ಮಗ ಲಾಂಗ್ ಹಿಡಿಯುವ ಕಥೆ. ಉಪೇಂದ್ರ ಅದರಲ್ಲಿ ಬೆಂಗಳೂರಿನ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಸಿನಿಮಾ ನೂರಾರು ಸಲ ಮರುಬಿಡುಗಡೆ ಕಂಡಿತು. 2005ರಲ್ಲಿ 'ಜೋಗಿ' ಬಂತು, ತಾಯಿ-ಮಗನ ಕಣ್ಣೀರಿಗೆ ರಾಜ್ಯವೇ ಅತ್ತಿತು. 2007ರಲ್ಲಿ ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಆಧರಿಸಿದ 'ಆ ದಿನಗಳು', 2022ರಲ್ಲಿ ಎಂ.ಪಿ. ಜಯರಾಜ್ ಕಥೆಯ 'ಹೆಡ್ ಬುಷ್'. ನಮ್ಮ ಚಿಂತಾಮಣಿ ಕಡೆಯವರಿಗೆ ಇದರ ಜೊತೆಗೆ ಡಬಲ್ ಡೋಸು. ಮನೆಮಾತು ತೆಲುಗು, ಓದಿದ್ದು ಕನ್ನಡ ಅನ್ನೋರ ಊರು ನಮ್ಮವು. 1999ರ 'ಸಮರಸಿಂಹಾ ರೆಡ್ಡಿ', 2002ರ 'ಇಂದ್ರ'ದಂಥ ಸೀಮೆ ಫ್ಯಾಕ್ಷನ್ ಸಿನಿಮಾಗಳು ನಮಗೆ ಪರಭಾಷೆಯವು ಅನ್ನಿಸಿದ್ದೇ ಇಲ್ಲ. ಸುಮೋಗಳು ಗಾಳಿಯಲ್ಲಿ ಹಾರಿದ್ದಕ್ಕೆ ಶಿಳ್ಳೆ ಹೊಡೆದ ಊರಿಂದ ಅನಂತಪುರ ದೂರವೇನಲ್ಲ. ಆ ಅನಂತಪುರದಲ್ಲೇ 2005ರ ಜನವರಿಯಲ್ಲಿ ಪರಿಟಾಲ ರವಿಯನ್ನು ಗುಂಡಿಟ್ಟು ಕೊಂದರು. ಐದು ವರ್ಷಕ್ಕೆ ಅದೂ 'ರಕ್ತ ಚರಿತ್ರ' ಅಂತ ಸಿನಿಮಾ ಆಯ್ತು.

ಊರು ಬೇರೆ, ಭಾಷೆ ಬೇರೆ, ಸೂತ್ರ ಮಾತ್ರ ಒಂದೇ. ಮೊದಲು ಹೀರೋಗೆ ಒಂದು ಗಾಯ ಕೊಡು: ಸತ್ತ ತಾಯಿ, ಅವಮಾನ, ಹಸಿವು. ಆಮೇಲೆ ಒಂದು ನಿಯತ್ತು ಕೊಡು: ಹೆಂಗಸರು ಮಕ್ಕಳನ್ನು ಮುಟ್ಟಲ್ಲ, ಗೆಳೆಯನಿಗೆ ದ್ರೋಹ ಬಗೆಯಲ್ಲ. ಎದುರಿಗೆ ಅವನಿಗಿಂತ ಹತ್ತು ಪಟ್ಟು ಕೆಟ್ಟ ಖಳನನ್ನು ನಿಲ್ಲಿಸು. ಮುಗೀತು, ಇವನು ದೇವರು. 1972ರ 'ಗಾಡ್‌ಫಾದರ್' ಮಾಡಿದ್ದು ಇದನ್ನೇ. ಮಾಫಿಯಾ ಅಂದರೆ ಒಂದು ಕುಟುಂಬ, ಒಂದು ಗೌರವ ಅನ್ನೋ ಹಾಗೆ ಕಾಣಿಸಿತು. 1960ರ ದಶಕದಲ್ಲಿ ಜಪಾನಿನ ತೋಯಿ ಕಂಪನಿ ಯಾಕುಜಾಗಳನ್ನು ಮಾತಿಗೆ ಪ್ರಾಣ ಕೊಡುವ ವೀರರನ್ನಾಗಿ ತೋರಿಸಿತು. ಆದರೆ ಅದೇ ಕಂಪನಿಗೆ 1973ರಲ್ಲಿ ಕಿಂಜಿ ಫುಕಸಾಕು ಮಾಡಿಕೊಟ್ಟ ಸಿನಿಮಾದ ಹೆಸರೇ 'ನಿಯತ್ತಿಲ್ಲದ, ಮನುಷ್ಯತ್ವವಿಲ್ಲದ ಕದನಗಳು' ಎಂಬರ್ಥದ್ದು. ಅಲ್ಲಿ ಯಾಕುಜಾಗಳು ದುಡ್ಡಿಗಾಗಿ ಒಬ್ಬರನ್ನೊಬ್ಬರು ಮಾರಿಕೊಳ್ಳುವ ಪುಕ್ಕಲರು. ಇಟಲಿಯ ರೊಬೆರ್ತೊ ಸವಿಯಾನೊ 2006ರಲ್ಲಿ 'ಗೊಮೊರಾ' ಬರೆದು ನೇಪಲ್ಸ್ ಗ್ಯಾಂಗುಗಳ ವ್ಯವಹಾರ ಬಯಲು ಮಾಡಿದರು. ಅಂದಿನಿಂದ ಅವರು ಪೊಲೀಸ್ ಕಾವಲಿನಲ್ಲೇ ಬದುಕಬೇಕಾಯಿತು. ಗ್ಯಾಂಗನ್ನು ಹೊಗಳಿದವರಿಗೆ ಬಾಕ್ಸ್ ಆಫೀಸು, ಅದರ ಲೆಕ್ಕಪುಸ್ತಕ ತೆರೆದವರಿಗೆ ಕಾವಲುಗಾರರು.

ಈ ಸೂತ್ರ ಬಚ್ಚಿಡುವುದು ಆ ಲೆಕ್ಕಪುಸ್ತಕವನ್ನೇ. ಗ್ಯಾಂಗು ತಾನಾಗೇ ಬದುಕಲ್ಲ, ಅದಕ್ಕೆ ಗಿರಾಕಿಗಳು ಬೇಕು. ಸೈಟು ಖಾಲಿ ಮಾಡಿಸಬೇಕಾದವರು, ಮೀಟರ್ ಬಡ್ಡಿ ವಸೂಲಿ ಮಾಡಿಸಬೇಕಾದವರು, ಚುನಾವಣೆಗೆ ಹುಡುಗರು ಬೇಕಾದವರು. ದೇವರಾಜ ಅರಸು ಕಾಲದ ಇಂದಿರಾ ಬ್ರಿಗೇಡ್ ಜೊತೆ ಜಯರಾಜ್ ಹೆಸರು ತಳುಕು ಹಾಕಿಕೊಂಡಿದ್ದು ಸುಮ್ಮನೆ ಅಲ್ಲ. 'ಹೆಡ್ ಬುಷ್' ಆ ನಂಟನ್ನು ಮುಟ್ಟುತ್ತೆ, ಒಪ್ಪೋಣ. ಆದರೆ ಥಿಯೇಟರಿಂದ ಹೊರಗೆ ಬಂದವರ ಬಾಯಲ್ಲಿ ಉಳಿಯೋದು ಹೀರೋ ಖದರು, ಅವನನ್ನು ಕೆಲಸಕ್ಕಿಟ್ಟುಕೊಂಡವರ ಹೆಸರಲ್ಲ. 2021ರ 'ಗರುಡ ಗಮನ ವೃಷಭ ವಾಹನ' ಹಿಂಸೆ ಮನುಷ್ಯನನ್ನು ಹೇಗೆ ತಿನ್ನುತ್ತೆ ಅಂತ ತೋರಿಸಲು ಹೊರಟ ಸಿನಿಮಾ. ಅದರಲ್ಲೂ ಹೆಚ್ಚು ಓಡಿದ್ದು ಶಿವ ಹುಲಿಹೆಜ್ಜೆ ಹಾಕುವ ತುಣುಕೇ.

ಈಗ ಕೆಜಿಎಫ್‌ಗೆ ಬರೋಣ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅಲ್ಲಿಯವರೆಗೆ ನಮ್ಮ ಕೆಂಚಾರ್ಲಹಳ್ಳಿಯೂ ಕೆಜಿಎಫ್ ಕೂಡ ಒಂದೇ ಕೋಲಾರ ಜಿಲ್ಲೆ. 2018 ಮತ್ತು 2022ರ ಸಿನಿಮಾ ನೋಡಿದ ದೇಶಕ್ಕೆ ಕೆಜಿಎಫ್ ಅಂದರೆ ಗುಲಾಮರ ಗಣಿ, ಬಾಯಿಲ್ಲದ ಜನ, ಅವರನ್ನು ಬಿಡಿಸಲು ಬರುವ ಒಬ್ಬ ಗ್ಯಾಂಗ್‌ಸ್ಟರ್. ಇದು ಕಾಲ್ಪನಿಕ ಕಥೆ ಅಂತ ಅವರೇ ಹೇಳಿದ್ದಾರೆ, ಸರಿ. ಆದರೆ ನಿಜವಾದ ಊರಿನ ಹೆಸರು ಎತ್ತಿಕೊಂಡು ಅಲ್ಲಿನ ಜನರ ಬಾಯನ್ನೇ ಕಿತ್ತುಕೊಂಡರೆ ನಾನು ತಕರಾರು ಮಾಡಲೇಬೇಕು. 1880ರ ದಶಕದಿಂದ ಅಲ್ಲಿ ಚಿನ್ನ ತೆಗೆಸಿದ್ದು ಯಾವುದೋ ಭೂಗತ ದೊರೆಯಲ್ಲ, ಜಾನ್ ಟೇಲರ್ ಎಂಬ ಬ್ರಿಟಿಷ್ ಕಂಪನಿ, ಲೈಸೆನ್ಸು ಪಡೆದು, ಕಾನೂನುಬದ್ಧವಾಗಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಹೆಚ್ಚಾಗಿ ತಮಿಳು, ತೆಲುಗು ಸೀಮೆಯಿಂದ ಬಂದ ದಲಿತ ಕಾರ್ಮಿಕರು. ಬಂಡೆ ಸಿಡಿದು ಸತ್ತರು, ಶ್ವಾಸಕೋಶದಲ್ಲಿ ಕಲ್ಲುಧೂಳು ತುಂಬಿ ಸತ್ತರು. ಸುಮ್ಮನೆ ಮಾತ್ರ ಇರಲಿಲ್ಲ. 1930ರಲ್ಲಿ ಬೆರಳಚ್ಚು ಕೊಡಿ ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. 1946ರಲ್ಲಿ ಮತ್ತೆ ಮುಷ್ಕರ ಹೂಡಿದರು. ಆ ವರ್ಷ ನವೆಂಬರ್ 4ರ ಗೋಲಿಬಾರಿನಲ್ಲಿ ಆರು ಜನ ಕಾರ್ಮಿಕರು ಪ್ರಾಣ ಬಿಟ್ಟರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವರ ಮಕ್ಕಳು ಈಗ ಬೆಳಗಿನ ಟ್ರೈನು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ. ಊರಿನ ತುಂಬ ಸೈನೈಡ್ ಮಣ್ಣಿನ ದಿಬ್ಬಗಳು ಹಾಗೇ ನಿಂತಿವೆ.

ಸಂಘ ಕಟ್ಟಿದ ಜನರನ್ನು ಅಳಿಸಿ ಅವರ ಜಾಗಕ್ಕೆ ಒಬ್ಬ ರಕ್ಷಕನನ್ನು ತಂದು ಕೂರಿಸುವುದು ಬರೀ ಕಲ್ಪನೆಯ ಆಟ ಅಲ್ಲ. 'ನಿಮ್ಮಿಂದ ಏನೂ ಆಗಲ್ಲ, ಬಲವಾದ ಒಬ್ಬ ಬರಬೇಕು' ಅನ್ನೋ ಪಾಠ ಅದು. ಈ ಪಾಠವನ್ನು ನಾವು ಥಿಯೇಟರಿನಲ್ಲಿ ಮಾತ್ರ ಕೇಳ್ತಿದ್ದೀವಾ? ಚುನಾವಣಾ ಭಾಷಣಗಳಲ್ಲೂ ಕೇಳ್ತಿದ್ದೀವಲ್ಲ?

ಕಾನೂನು ಸೋತ ಕಡೆ ಹೀರೋ ಬರ್ತಾನೆ ಅಂತ ಈ ಸಿನಿಮಾಗಳು ಹೇಳ್ತವೆ. ನಮ್ಮದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೇ ಇಸವಿ ಮಾರ್ಚ್ 11ರಂದು ಏಳು ದಲಿತರನ್ನು ಜೀವಂತ ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರು ಅನ್ನೋದಕ್ಕೆ ನ್ಯಾಯಾಲಯದ ದಾಖಲೆಯಲ್ಲಿ ಉತ್ತರವಿಲ್ಲ. ಕಾನೂನು ಇದಕ್ಕಿಂತ ಹೆಚ್ಚಾಗಿ ಸೋಲೋದು ಹೇಗೆ? ಆದರೂ ಯಾವ ರಾಕಿಯೂ ಬರಲಿಲ್ಲ. ಯಾಕಂದ್ರೆ ತೋಳ್ಬಲ ಅನ್ನೋದು ಭೂಮಿ, ಜಾತಿ, ದುಡ್ಡು ಇರೋ ಕಡೆ ವಾಲುತ್ತೆ, ಅಳುವವರ ಕಡೆಗಲ್ಲ. ಆ ದಿನದಿಂದ ಕಂಬಾಲಪಲ್ಲಿ ಅನ್ನೋ ಹೆಸರು ಅಳಿಯದ ಹಾಗೆ ಹಿಡಿದುಕೊಂಡಿರೋದು ದಲಿತ ಸಂಘಟನೆಗಳು.

ಹಾಗಂತ ರೌಡಿ ಸಿನಿಮಾ ಬ್ಯಾನ್ ಮಾಡಿ ಅಂತ ನಾನು ಕೇಳಲ್ಲ. ಬ್ಯಾನಿನ ಕತ್ತರಿ ಕೊನೆಗೆ ಬೀಳೋದು ಪ್ರಶ್ನೆ ಕೇಳುವ ಸಿನಿಮಾಗಳ ಮೇಲೇನೇ. ನಾನು ಕೇಳೋದು ಇಷ್ಟು: ಶಿಳ್ಳೆ ಹೊಡೆಯಿರಿ, ಆದರೆ ಹೊರಗೆ ಬಂದ ಮೇಲೆ ಎರಡು ಪ್ರಶ್ನೆ ಹಾಕಿಕೊಳ್ಳಿ. ಇವನಿಗೆ ದುಡ್ಡು ಕೊಟ್ಟಿದ್ದು ಯಾರು? ಇವನ ಕೈಯಲ್ಲಿ ಸತ್ತವನ ಮನೆ ಯಾವ ಬೀದಿಯಲ್ಲಿದೆ? ಬರೆಯೋರು, ಶಾರ್ಟ್ ಫಿಲ್ಮ್ ಮಾಡೋರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. 1946ರ ಆ ಆರು ಜನರ ಕಥೆಗೆ ಇನ್ನೂ ಒಬ್ಬ ದೊಡ್ಡ ನಿರ್ಮಾಪಕ ಬೇಕು ಅಂತ ಕಾಯಬೇಡಿ. ಮಾರಿಕುಪ್ಪಂ ಟ್ರೈನು ದಿನಾ ಓಡ್ತಿದೆ, ಹತ್ತಿ ಕೂತ್ಕೊಂಡ್ರೆ ಹೇಳೋರು ಪಕ್ಕದ ಸೀಟಲ್ಲೇ ಸಿಗ್ತಾರೆ.