ಗುಂಡಿಗೊಂದು ಹೆಸರು

ಒಂದು ವಸ್ತುವನ್ನು ನಿರ್ಮಿಸಿದವನ ಹೊಣೆ ಅದಕ್ಕೆ ರೂಪ ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಅದಕ್ಕೊಂದು ಹೆಸರನ್ನೂ ಅವನು ಇಡಬೇಕಾಗುತ್ತದೆ. ಹೆಸರಿಲ್ಲದ ವಸ್ತುವನ್ನು ಬಳಸಬಹುದು. ಆದರೆ ಅದರ ಬಳಕೆಯನ್ನು ಇನ್ನೊಬ್ಬರಿಗೆ ಹೇಳಿಕೊಡುವುದು ಕಷ್ಟ. ಅಂಗೈಯಲ್ಲಿ ಹಿಡಿದು ಆಡುವ ಆಟದ ಯಂತ್ರವನ್ನು ಇಂದಿನ ಮಕ್ಕಳು ಬಲ್ಲರು. ಅದರ ಮೈಮೇಲಿನ ಗುಂಡಿಗಳ ಹೆಸರು ನೋಡುವುದಕ್ಕೆ ಅತ್ಯಲ್ಪ ವಿಷಯ. ಆದರೂ ಒಳ್ಳೆಯ ಹೆಸರಿನ ಲಕ್ಷಣವೇನು ಎಂಬ ಹಿರಿಯ ಪ್ರಶ್ನೆಗೆ ಆ ಕಿರಿಯ ಗುಂಡಿಗಳು ತಕ್ಕ ಉತ್ತರವನ್ನು ಕೊಡಬಲ್ಲವು.

ನಮ್ಮ ವ್ಯಾಕರಣವು ವಸ್ತುವಾಚಕಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ರೂಢಿಯಿಂದ ಬಂದದ್ದು ರೂಢನಾಮ. ಗುರುತಿಗಾಗಿ ಇಟ್ಟುಕೊಂಡದ್ದು ಅಂಕಿತನಾಮ. ಗುಣಕ್ಕೋ ಕೆಲಸಕ್ಕೋ ಅನುಗುಣವಾದದ್ದು ಅನ್ವರ್ಥನಾಮ. ನದಿ ರೂಢನಾಮ, ಕಾವೇರಿ ಅಂಕಿತನಾಮ, ವ್ಯಾಪಾರಿ ಅನ್ವರ್ಥನಾಮ. ‘ಗುಂಡಿ’ ಎಂಬ ಮಾತೂ ರೂಢನಾಮವೇ. ಅಂಗಿಗೂ ಗುಂಡಿಯುಂಟು, ನೆಲದಲ್ಲಿಯೂ ಗುಂಡಿಯುಂಟು, ಯಂತ್ರಕ್ಕೂ ಗುಂಡಿಯುಂಟು. ಸಂದರ್ಭವನ್ನು ನೋಡಿ ನಾವು ಅರ್ಥವನ್ನು ಗ್ರಹಿಸುತ್ತೇವೆ. ಆದರೆ ಒಂದೇ ಯಂತ್ರದಲ್ಲಿ ಹಲವು ಗುಂಡಿಗಳಿದ್ದಾಗ ರೂಢನಾಮ ಸಾಲದು. ಆಗ ಅಂಕಿತವೋ ಅನ್ವರ್ಥವೋ ಎಂಬ ಆಯ್ಕೆ ಅನಿವಾರ್ಯವಾಗುತ್ತದೆ.

ಮೇಲುನೋಟಕ್ಕೆ ಅನ್ವರ್ಥನಾಮವೇ ಶ್ರೇಷ್ಠವೆಂದು ತೋರುತ್ತದೆ. ಜಪಾನಿನ ನಿಂಟೆಂಡೊ ಸಂಸ್ಥೆಯು 1982ರಲ್ಲಿ ‘ಡಾಂಕಿ ಕಾಂಗ್’ ಎಂಬ ಆಟವನ್ನು ಮಡಚಿ ಜೇಬಿನಲ್ಲಿಡಬಹುದಾದ ಯಂತ್ರವಾಗಿ ಹೊರತಂದಿತು. ಅದರ ಬಲಗಡೆಯ ಗುಂಡಿಯ ಹೆಸರು ‘ಜಂಪ್’, ಎಂದರೆ ‘ಜಿಗಿ’. ಎಡಗಡೆಯಲ್ಲಿದ್ದುದು ಗುನ್‌ಪೇ ಯೊಕೊಯಿ ಎಂಬ ತಂತ್ರಜ್ಞರು ರೂಪಿಸಿದ, ಕೂಡುವ ಚಿಹ್ನೆಯ ಆಕಾರದ ಗುಂಡಿ. ಅದಕ್ಕೆ ನಾಲ್ಕು ತೋಳು, ತೋಳಿಗೊಂದು ದಿಕ್ಕು. ಅಲ್ಲಿ ಆಕಾರವೇ ಹೆಸರಿನ ಕೆಲಸವನ್ನು ಮಾಡಿತು. ಯಂತ್ರದಲ್ಲಿದ್ದುದು ಒಂದೇ ಆಟವಾದುದರಿಂದ ‘ಜಿಗಿ’ ಎಂಬ ಹೆಸರಿಗೂ ಯಾವ ಬಾಧಕವೂ ಬರಲಿಲ್ಲ.

ಅದೇ ಸಂಸ್ಥೆ 1989ರಲ್ಲಿ ‘ಗೇಮ್ ಬಾಯ್’ ಯಂತ್ರವನ್ನು ತಂದಾಗ ಸ್ಥಿತಿ ಬದಲಾಯಿತು. ಕಾರ್ಟ್ರಿಜ್ಜನ್ನು ಬದಲಿಸಿ ಅದೊಂದರಲ್ಲಿಯೇ ಬೇರೆ ಬೇರೆ ಆಟಗಳನ್ನು ಆಡಬಹುದಿತ್ತು. ‘ಸೂಪರ್ ಮಾರಿಯೋ ಲ್ಯಾಂಡ್’ ಆಟದಲ್ಲಿ ನಾಯಕನನ್ನು ಜಿಗಿಸುವ ಗುಂಡಿಯೇ ‘ಟೆಟ್ರಿಸ್’ ಆಟದಲ್ಲಿ ಬೀಳುತ್ತಿರುವ ತುಂಡನ್ನು ತಿರುಗಿಸುತ್ತದೆ. ಇಂಥ ಗುಂಡಿಗೆ ‘ಜಿಗಿ’ ಎಂದು ಹೆಸರಿಟ್ಟರೆ ಅದು ಒಂದು ಆಟದಲ್ಲಿ ಸತ್ಯ, ಇನ್ನೊಂದರಲ್ಲಿ ಸುಳ್ಳು. ಆದಕಾರಣ ಅದಕ್ಕೆ ‘ಎ’ ಎಂದೂ ಪಕ್ಕದ ಗುಂಡಿಗೆ ‘ಬಿ’ ಎಂದೂ ಹೆಸರಾಯಿತು. ಇವು ಶುದ್ಧ ಅಂಕಿತನಾಮಗಳು. ಇಂಥ ಹೆಸರು ಯಾವ ಭರವಸೆಯನ್ನೂ ಕೊಡುವುದಿಲ್ಲ. ಆದ್ದರಿಂದ ಮಾತಿಗೆ ತಪ್ಪುವ ಭಯವೂ ಅದಕ್ಕಿಲ್ಲ. ಅದೇ ಯಂತ್ರದ ‘ಸ್ಟಾರ್ಟ್’ ಗುಂಡಿಯನ್ನು ನೋಡಿರಿ. ‘ಆರಂಭಿಸು’ ಎಂಬ ಹೆಸರನ್ನು ಹೊತ್ತ ಅದು ಎಷ್ಟೋ ಆಟಗಳಲ್ಲಿ ನಡೆಯುತ್ತಿರುವ ಆಟವನ್ನು ನಿಲ್ಲಿಸುತ್ತದೆ! 2017ರ ‘ಸ್ವಿಚ್’ ಯಂತ್ರದಲ್ಲಿ ಆ ಹೆಸರು ಮರೆಯಾಗಿ, ಅದರ ಸ್ಥಾನದಲ್ಲಿ ಕೂಡುವ ಚಿಹ್ನೆಯೊಂದು ಬಂದು ಕುಳಿತಿತು.

ಅಕ್ಷರದ ಗೊಡವೆಯೇ ಬೇಡ, ಚಿಹ್ನೆಗಳು ಸರ್ವರಿಗೂ ತಿಳಿಯುತ್ತವೆ ಎಂದು ಕೆಲವರು ವಾದಿಸಬಹುದು. ಈ ವಾದಕ್ಕೆ ಅನುಭವವೇ ಉತ್ತರ ಹೇಳಿದೆ. ಸೋನಿ ಸಂಸ್ಥೆಯು 1994ರಲ್ಲಿ ತನ್ನ ‘ಪ್ಲೇಸ್ಟೇಷನ್’ ಗುಂಡಿಗಳ ಮೇಲೆ ತ್ರಿಕೋನ, ವೃತ್ತ, ಕತ್ತರಿಗುರುತು, ಚೌಕಗಳನ್ನು ಬರೆಯಿಸಿತು. ವೃತ್ತಕ್ಕೆ ‘ಹೌದು’ ಎಂದೂ ಕತ್ತರಿಗುರುತಿಗೆ ‘ಅಲ್ಲ’ ಎಂದೂ ಅರ್ಥ. ಜಪಾನಿನ ಶಾಲೆಗಳಲ್ಲಿ ಸರಿಯುತ್ತರಕ್ಕೆ ವೃತ್ತ ಹಾಕುವ ವಾಡಿಕೆಯಿರುವುದರಿಂದ ಅಲ್ಲಿಯವರಿಗೆ ಇದು ಸಹಜವಾಯಿತು. ನಮ್ಮ ಶಾಲೆಯ ಮಗು ತನ್ನ ಉತ್ತರಪತ್ರಿಕೆಯಲ್ಲಿ ವೃತ್ತವನ್ನು ಕಂಡರೆ ಸೊನ್ನೆ ಬಂದಿತೆಂದು ಅಳುತ್ತದೆ! ಅಮೆರಿಕೆಯಲ್ಲಿ ಪದ್ಧತಿಯೇ ತಲೆಕೆಳಗಾಗಿ, ಕತ್ತರಿಗುರುತಿನಿಂದ ಒಪ್ಪುವುದು, ವೃತ್ತದಿಂದ ನಿರಾಕರಿಸುವುದು ರೂಢಿಯಾಯಿತು. 2004ರಲ್ಲಿ ಬಂದ ಕೈಹಿಡಿಯ ಯಂತ್ರ ‘ಪಿ.ಎಸ್.ಪಿ.’ಯಲ್ಲಿಯೂ ಈ ಭೇದ ಮುಂದುವರಿಯಿತು. 2020ರ ‘ಪ್ಲೇಸ್ಟೇಷನ್ 5’ರಲ್ಲಿ ಸಂಸ್ಥೆಯು ಜಗತ್ತಿಗೆಲ್ಲ ಒಂದೇ ನಿಯಮವನ್ನು ತಂದಾಗ, ಸ್ವತಃ ಜಪಾನಿನವರೇ ಕತ್ತರಿಗುರುತನ್ನು ‘ಹೌದು’ ಎಂದು ಒಪ್ಪಿಕೊಳ್ಳಬೇಕಾಯಿತು. ಚಿಹ್ನೆಗೂ ಒಂದು ತಾಯ್ನಾಡುಂಟು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಂಕಿತನಾಮಕ್ಕೂ ಒಂದು ಧರ್ಮವಿದೆ, ಅದು ಸ್ಥಿರವಾಗಿರಬೇಕು. ನಿಂಟೆಂಡೊ ಯಂತ್ರಗಳಲ್ಲಿ ‘ಎ’ ಗುಂಡಿ ಬಲಕ್ಕಿದೆ. ಮೈಕ್ರೋಸಾಫ್ಟ್ ಸಂಸ್ಥೆಯ 2001ರ ‘ಎಕ್ಸ್‌ಬಾಕ್ಸ್’ನಲ್ಲಿ ಅದು ಕೆಳಕ್ಕಿಳಿಯಿತು, 2022ರ ಕೈಹಿಡಿಯ ಯಂತ್ರವಾದ ‘ಸ್ಟೀಮ್ ಡೆಕ್’ ಈ ಎರಡನೆಯ ಕ್ರಮವನ್ನೇ ಅನುಸರಿಸಿತು. ಒಂದು ಯಂತ್ರವನ್ನು ಬಿಟ್ಟು ಇನ್ನೊಂದನ್ನು ಹಿಡಿದವನ ಕಣ್ಣು ಅಕ್ಷರವನ್ನು ಓದುವ ಮುನ್ನವೇ ಹೆಬ್ಬೆರಳು ಹಳೆಯ ಜಾಗವನ್ನು ಒತ್ತಿರುತ್ತದೆ.

ಆಟದಲ್ಲಿ ಬೆರಳು ತಪ್ಪಿದರೆ ಆಟವಷ್ಟೇ ಸೋಲುತ್ತದೆ. ಆದರೆ ಇಂದು ಹಣ ಪಡೆಯುವುದೂ ಮತ ನೀಡುವುದೂ ಗುಂಡಿಯ ಮೂಲಕವೇ. ನಮ್ಮ ಮತಯಂತ್ರದಲ್ಲಿ ನೀಲಿ ಗುಂಡಿಯ ಪಕ್ಕದಲ್ಲಿ ಅಭ್ಯರ್ಥಿಯ ಹೆಸರಿನೊಡನೆ ಅವನ ಚಿಹ್ನೆಯೂ ಇರುತ್ತದೆ. ಚುನಾವಣೆಗೆ ಮೊದಲೇ ಊರೂರಿಗೆ ಪರಿಚಿತವಾದ ಚಿಹ್ನೆ ಅದು. ಆದುದರಿಂದಲೇ ಓದುಬಾರದವರೂ ತಮ್ಮ ಆಯ್ಕೆಯನ್ನು ತಾವೇ ಮಾಡಬಲ್ಲರು. ಬಳಸುವವರನ್ನು ಕಣ್ಣಮುಂದೆ ಇರಿಸಿಕೊಂಡು ಗುರುತು ಮಾಡುವುದೆಂದರೆ ಇದು.

ಹಾಗಾದರೆ ಆಟದ ಗುಂಡಿಗಳಿಗೆ ಕನ್ನಡದಲ್ಲಿ ‘ಅ’, ‘ಆ’ ಎಂದು ಹೆಸರಿಡೋಣವೇ? ನನ್ನ ಮತದಲ್ಲಿ ಅದು ಅನಗತ್ಯ. ಗುಂಡಿಯ ಮೇಲಿನ ‘ಎ’ ಎಂಬುದು ಅಲ್ಲಿ ಇಂಗ್ಲಿಷ್ ಭಾಷೆಯಾಗಿ ನಿಂತಿಲ್ಲ, ಕೇವಲ ಗುರುತಾಗಿ ನಿಂತಿದೆ. ಆ ಗುರುತು ಎಲ್ಲ ಯಂತ್ರಗಳಲ್ಲಿಯೂ ಒಂದೇ ಜಾಗದಲ್ಲಿದ್ದರೆ ಸಾಕು. ಆದರೆ ಅದನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ಹೇಳುವ ಮಾತು ಆಡುವವರ ಭಾಷೆಯಲ್ಲಿಯೇ ಇರಬೇಕು. ‘ಜಿಗಿ’, ‘ತಿರುಗಿಸು’, ‘ನಿಲ್ಲಿಸು’ ಎಂಬ ನಮ್ಮ ಪುಟ್ಟ ಮಾತುಗಳು ಆಯಾ ಆಟಕ್ಕೆ ತಕ್ಕಂತೆ ಪರದೆಯ ಮೇಲೆ ಮೂಡಲಿ. ಗುಂಡಿಗೆ ಅಂಕಿತನಾಮ, ಪರದೆಗೆ ಅನ್ವರ್ಥನಾಮ: ಇದೇ ಯೋಗ್ಯವಾದ ವಿಭಾಗ.

ಹೆಸರೆಂಬುದು ಇಡುವವನಿಗೂ ಕರೆಯುವವನಿಗೂ ನಡುವಣ ಒಡಂಬಡಿಕೆ. ಇಡುವವನು ಒಮ್ಮೆ ಇಟ್ಟು ಮರೆಯಬಹುದು. ಕರೆಯುವವನು ಅದರೊಡನೆ ನಿತ್ಯ ಬಾಳಬೇಕು. ಆದ್ದರಿಂದ ಹೆಸರಿಡುವ ಮುನ್ನ ಕೇಳಬೇಕಾದ ಮೊದಲ ಮಾತು ಕರೆಯುವವನದು.