ವಿಮಾನ ಹತ್ತುವ ಹುಡುಗಿಗೆ ಎರಡು ಪುಸ್ತಕ



ನಮ್ಮ ಬಾಬುರಾಯನಕೊಪ್ಪಲಿನ ಕೇರಿಯ ಹುಡುಗಿಯೊಬ್ಬಳು ಮುಂದಿನ ತಿಂಗಳು ಓದೋಕೆ ಇಂಗ್ಲೆಂಡಿಗೆ ಹೊರಟಿದ್ದಾಳೆ. ಅಪ್ಪ ಅವ್ವ ಗದ್ದೆ ಕೂಲಿ. ಮೊನ್ನೆ ನಾನು ಆಫೀಸಿಂದ ಬರುವಾಗ ಸಿಕ್ಕಿ, "ಅಣ್ಣ, ಹೊರದೇಶಕ್ಕೆ ಹೋಗಿ ಬಂದೋರು ಬರೆದಿರೋದು ಏನಾದ್ರೂ ಕೊಡಣ್ಣ" ಅಂದಳು. ಎರಡು ಪುಸ್ತಕ ಕೊಟ್ಟೆ.

ಒಂದು, ಯು.ಆರ್. ಅನಂತಮೂರ್ತಿಯವರ ಆತ್ಮಕಥನ 'ಸುರಗಿ'. ಅವರು ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುವಾಗ ಬರ್ಗ್‌ಮನ್‌ನ ಸಿನಿಮಾ ನೋಡಿದರು. ಅದರ ಗುಂಗಲ್ಲೇ ಕೂತು ತಮ್ಮ ಅಗ್ರಹಾರದ ಕಥೆ 'ಸಂಸ್ಕಾರ' ಬರೆದರು. 1965ರಲ್ಲಿ ಅದು ಪುಸ್ತಕವಾಯಿತು. ದೂರ ಹೋದಾಗ ಊರು ನಿಚ್ಚಳವಾಗಿ ಕಾಣುತ್ತೆ ಅನ್ನೋದು ನಿಜ. ಆದರೆ ಮೊದಲು ಕಾಣೋದು ಹೋದವನ ಬೀದಿ. ಆ ಕಾದಂಬರಿಯಲ್ಲಿ ನಾರಣಪ್ಪನ ಒಂದು ಹೆಣಕ್ಕಾಗಿ ಇಡೀ ಅಗ್ರಹಾರವೇ ಶಾಸ್ತ್ರ ತಿರುವಿಹಾಕುತ್ತೆ. ಅದೇ ಜ್ವರಕ್ಕೆ ಸತ್ತ ಕೇರಿಯವರ ಹೆಣಗಳು ಗುಡಿಸಲ ಸಮೇತ ಸುಟ್ಟುಹೋಗ್ತವೆ. ಅದಕ್ಕೆ ಸಿಕ್ಕಿರೋದು ಕೆಲವೇ ಸಾಲು.

ಇನ್ನೊಂದು, ಬಾಬಾಸಾಹೇಬರ 'ವೀಸಾಕ್ಕಾಗಿ ಕಾಯುತ್ತಾ'. ಅಮೆರಿಕ, ಲಂಡನ್ನಿನಲ್ಲಿ ಓದಿದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನೋದೇ ಅವರಿಗೆ ಮರೆತುಹೋಗಿತ್ತು. 1917ರಲ್ಲಿ ಕೆಲಸಕ್ಕೆ ಅಂತ ಬರೋಡಾಕ್ಕೆ ಬಂದರೆ, ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಒಂದು ಛತ್ರದಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ನಿಂತರು. ಕೊಲಂಬಿಯಾದಲ್ಲಿ ಓದಿದ ಮನುಷ್ಯ ಉದ್ಯಾನದ ಮರದ ಕೆಳಗೆ ಕೂತು ಅತ್ತರು.

"ಅನಂತಮೂರ್ತಿ ಪುಸ್ತಕ ನಮ್ಮ ಮಕ್ಕಳಿಗ್ಯಾಕೆ?" ಅಂತ ಸಂಘಟನೆಯ ಗೆಳೆಯರೊಬ್ಬರು ರೇಗಿದರು. ಓದಲಿ ಬಿಡಿ. ತನ್ನ ಬೀದಿಯನ್ನೇ ಪ್ರಶ್ನೆ ಮಾಡೋ ಧೈರ್ಯ ಆ ಮನುಷ್ಯನಿಗಿತ್ತು, ಅದನ್ನ ಕಲೀಲಿ. ಆದರೆ ಒಬ್ಬನಿಗೆ ಪರದೇಶ ಊರನ್ನ ನೋಡೋ ಕಿಟಕಿ ಆಯ್ತು, ಇನ್ನೊಬ್ಬನಿಗೆ ಮನುಷ್ಯನಾಗಿ ಉಸಿರಾಡಿದ ಮೊದಲ ಜಾಗ ಆಯ್ತು. ಈ ವ್ಯತ್ಯಾಸ ಅವಳಿಗೆ ಗೊತ್ತಿರಬೇಕು.

ಈಗ ಜಾತಿಯೂ ವಿಮಾನ ಹತ್ತಿದೆ. ಇಲ್ಲದಿದ್ದರೆ ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸುವ ಕಾನೂನು ಯಾಕೆ ಮಾಡಬೇಕಿತ್ತು? ಅಲ್ಲೂ ನಮ್ಮೋರೇ ಯಾರಾದ್ರೂ ಅವಳ "ಪೂರ್ತಿ ಹೆಸರು" ಕೇಳ್ತಾರೆ.

ಅದಕ್ಕೇ ಪುಸ್ತಕದ ಜೊತೆ ಒಂದು ಖಾಲಿ ನೋಟ್‌ಬುಕ್ಕೂ ಕೊಟ್ಟಿದೀನಿ. "ಫೋಟೋ ಹಾಕು ತಾಯಿ, ನಾವೂ ನೋಡಿ ಖುಷಿಪಡ್ತೀವಿ. ಆದರೆ ನಡೆದದ್ದನ್ನ ದಿನಾ ಒಂದು ಪುಟ ಬರಿ. ಅಲ್ಲಿಂದ ನಮ್ಮ ಕೇರಿ ಹೆಂಗೆ ಕಾಣುತ್ತೆ ಅಂತ ನೀನೇ ಹೇಳಬೇಕು" ಅಂದೆ.

ನಿಮ್ಮೂರಿಂದ ಹೋಗೋ ಮಕ್ಕಳಿಗೂ ಒಂದೊಂದು ನೋಟ್‌ಬುಕ್ ಕೊಡಿ ಬಂಧುಗಳೇ.

ಜೈ ಭೀಮ್.