ಅಪ್ಪನ ಮಾತ್ರೆ ಮತ್ತು ಕರುಳಿನ ಬಾಗಿಲು

"ದಿನಕ್ಕೆ ಐದು ಸಲ ಮಾತ್ರೆ ತಗೋಬೇಕು ಅಂದ್ರೆ ನಾನೇನು ಗಡಿಯಾರನಾ?" ಅಂತ ಅಪ್ಪ ಫೋನಿನಲ್ಲಿ ರೇಗಿದರು. ಶನಿವಾರ ರಾತ್ರಿ ಹತ್ತೂವರೆ. ಬಲಗಡೆ ಪಕ್ಕೆಯಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದ ಹಾಗೆ ನೀರುಗುಳ್ಳೆ ಎದ್ದಿವೆ, ಶುಕ್ರವಾರ ಸಂಜೆಯಿಂದ ಬೆಂಕಿ ಇಟ್ಟ ಹಾಗೆ ಉರಿ ಅಂತ ಅಮ್ಮ ಹಿಂದಿನಿಂದ ಕೂಗಿ ಹೇಳಿದ ಮೇಲೇ ನನಗೆ ವಿಷಯ ಗೊತ್ತಾಗಿದ್ದು. ಸರ್ಪಸುತ್ತು. ಊರಿನ ಕ್ಲಿನಿಕ್‌ನಲ್ಲಿ ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಬರೆದುಕೊಟ್ಟಿದ್ದರು. ಅಪ್ಪ ನುಂಗಿದ್ದು ಎರಡು. ಹಾವಿನ ತಲೆ-ಬಾಲ ಕೂಡದ ಹಾಗೆ ಕೆಮ್ಮಣ್ಣು ಹಚ್ಚಿ ಅಂತ ಪಕ್ಕದ ಮನೆಯವರು ಹೇಳಿದ್ದರಂತೆ. ಅದು ಮಾತ್ರ ಹೊತ್ತು ಹೊತ್ತಿಗೆ ಸರಿಯಾಗಿ ನಡೆದಿತ್ತು.

ಈ ರೋಗದಲ್ಲಿ ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು ಅಂತಾರೆ. ಇಲ್ಲದಿದ್ದರೆ ಗುಳ್ಳೆ ಒಣಗುತ್ತೆ, ನರದ ನೋವು ಮಾತ್ರ ತಿಂಗಳುಗಟ್ಟಲೆ ಉಳಿಯೋ ಸಾಧ್ಯತೆ ಜಾಸ್ತಿ. ಬೆಳಗಿನ ಜಾವ ಬೆಂಗಳೂರು ಬಿಟ್ಟೆ. ತಿಪಟೂರಿನಿಂದ ಅಪ್ಪನನ್ನು ಕೂರಿಸಿಕೊಂಡು ತುಮಕೂರಿನಲ್ಲಿ ಪರಿಚಯದ ಚರ್ಮವೈದ್ಯೆಯ ಮನೆಗೇ ಹೋದೆ. ಅವರು ಅಪ್ಪನ ಹಳೇ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟಿದೆ ನೋಡಿದರು. ಈ ಔಷಧಿ ಮೂತ್ರಪಿಂಡದ ಮೂಲಕವೇ ಹೊರಗೆ ಹೋಗಬೇಕು, ಅದಕ್ಕೆ. ಆಮೇಲೆ ಮಾತ್ರೆ ಬದಲಾಯಿಸಿದರು: ವ್ಯಾಲಸೈಕ್ಲೋವಿರ್, ಒಂದು ಗ್ರಾಂ, ದಿನಕ್ಕೆ ಮೂರು, ಏಳು ದಿನ.

"ಇದು ಬೇರೆ ಔಷಧಿನಾ ಮೇಡಂ?"

"ಇಲ್ಲ, ಅದೇ. ತಲೆ ಮೇಲೆ ಒಂದು ವ್ಯಾಲೀನ್ ಕೂರಿಸಿದ್ದಾರೆ ಅಷ್ಟೆ."

ವ್ಯಾಲೀನ್ ಅಂದ್ರೆ ಬೇಳೆಯಲ್ಲೂ ಹಾಲಿನಲ್ಲೂ ಇರೋ ಮಾಮೂಲಿ ಅಮೈನೋ ಆಮ್ಲ. ಅದನ್ನು ಅಂಟಿಸಿದ ಮಾತ್ರಕ್ಕೆ ಐದು ಮೂರಾಗೋದು ಹೇಗೆ? ವಾಪಸ್ ಬಂದ ಮೇಲೆ ಎರಡು ರಾತ್ರಿ ಇದನ್ನೇ ಓದಿದೆ. ಇಂಜಿನಿಯರಿಂಗ್‌ಗೆ ಸೇರಿದ ಮೇಲೆ ಜೀವಶಾಸ್ತ್ರದ ಪುಸ್ತಕ ಮುಟ್ಟಿದ್ದು ಇದೇ ಮೊದಲು.

ಅಸೈಕ್ಲೋವಿರ್ ಒಳ್ಳೆಯ ಔಷಧಿಯೇ, ಆದರೆ ಕರುಳು ಅದನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳಲ್ಲ. ನುಂಗಿದ್ದರಲ್ಲಿ ಶೇಕಡಾ 15ರಿಂದ 20ರಷ್ಟು ರಕ್ತ ಸೇರಿದರೆ ಹೆಚ್ಚು. ಅದಕ್ಕೇ ಮತ್ತೆ ಮತ್ತೆ ನುಂಗಬೇಕು. ವ್ಯಾಲೀನ್ ಅಂಟಿಸಿದರೆ ಅದು ಸುಮಾರು 54ಕ್ಕೆ ಏರುತ್ತೆ. ಯಾಕಂದ್ರೆ ಆಗ ಅದಕ್ಕೆ ಬೇರೆ ಬಾಗಿಲು ಸಿಗುತ್ತೆ.

ಆ ಬಾಗಿಲಿನ ಹೆಸರು ಪೆಪ್ಟ್-1. ಸಣ್ಣ ಕರುಳಿನ ಜೀವಕೋಶಗಳ ಪೊರೆಯಲ್ಲಿ ಕೂತಿರೋ ಒಂದು ಪ್ರೋಟೀನ್. ನಾವು ತಿಂದ ಪ್ರೋಟೀನ್ ಪೂರ್ತಿ ಬಿಡಿ ಬಿಡಿ ಅಮೈನೋ ಆಮ್ಲ ಆದ ಮೇಲೇ ಒಳಗೆ ಹೋಗುತ್ತೆ ಅಂತ ಬಹಳ ಕಾಲ ನಂಬಿದ್ದರು. ನಿಜ ಅದಲ್ಲ. ದೊಡ್ಡ ಪಾಲು ಎರಡು ಅಥವಾ ಮೂರು ಅಮೈನೋ ಆಮ್ಲಗಳ ತುಂಡುಗಳಾಗಿ, ಅಂದರೆ ಸಣ್ಣ ಪೆಪ್ಟೈಡ್‌ಗಳಾಗಿ, ಈ ಬಾಗಿಲಿನಿಂದಲೇ ದಾಟುತ್ತೆ.

ಇದಕ್ಕೆ ಸಾಕ್ಷಿ ಸಿಕ್ಕಿದ್ದು ಒಂದು ಕಾಯಿಲೆಯಿಂದ. 1956ರಲ್ಲಿ ಲಂಡನ್‌ನ ವೈದ್ಯರು ಹಾರ್ಟ್ನಪ್ ಅನ್ನೋ ಕುಟುಂಬದಲ್ಲಿ ಹೊಸ ಕಾಯಿಲೆಯೊಂದನ್ನು ಗುರುತಿಸಿದರು. ಅದಿರೋರ ಕರುಳು ಕೆಲವು ಅಮೈನೋ ಆಮ್ಲಗಳನ್ನು ಬಿಡಿಯಾಗಿ ಕೊಟ್ಟರೆ ಹೀರಲ್ಲ. 1970ರ ಸುಮಾರಿಗೆ ಲಂಡನ್‌ನಲ್ಲೇ ಅದೇ ಅಮೈನೋ ಆಮ್ಲವನ್ನು ಇನ್ನೊಂದಕ್ಕೆ ಜೋಡಿಸಿ ಕೊಟ್ಟು ನೋಡಿದರು. ಒಳಗೆ ಹೋಯ್ತು! ಮುಂಬಾಗಿಲಿಗೆ ಬೀಗ ಬಿದ್ದಿದ್ದರೂ ಹಿತ್ತಲ ಬಾಗಿಲು ತೆರೆದೇ ಇತ್ತು.

ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದ ಎರಡೆರಡರ ಜೋಡಣೆ 400, ಮೂರು ಮೂರರದ್ದು 8000. ಇಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಈ ಒಂದೇ ಪ್ರೋಟೀನ್ ಹೊರುತ್ತೆ. ನಾಲ್ಕರ ಸರಪಳಿ ಬಂದರೆ ಮಾತ್ರ ಬಿಡಲ್ಲ. ನಾನಾಗಿದ್ದರೆ ಇದಕ್ಕೆ ನೂರು ಇಫ್-ಎಲ್ಸ್ ಬರೀತಿದ್ದೆ.

ಸಾಗಿಸೋಕೆ ಶಕ್ತಿ ಎಲ್ಲಿಂದ? ಇದನ್ನು ಬಿಡಿಸಿದವರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿದ್ದ ವಡಿವೇಲ್ ಗಣಪತಿ ಮತ್ತು ಫ್ರೆಡ್ರಿಕ್ ಲೈಬಾಕ್ ಮುಖ್ಯರು, 1980ರ ದಶಕದಲ್ಲಿ. ಕರುಳಿನ ಒಳಮೈ ಸ್ವಲ್ಪ ಹುಳಿ, ಜೀವಕೋಶದ ಒಳಗೆ ಅಷ್ಟು ಹುಳಿ ಇಲ್ಲ. ಹಾಗಾಗಿ ಪ್ರೋಟಾನ್‌ಗಳು ಒಳಗೆ ನುಗ್ಗೋಕೆ ಕಾಯ್ತಿರುತ್ತವೆ. ಪೆಪ್ಟ್-1 ಅವನ್ನು ಒಳಗೆ ಬಿಡುತ್ತೆ, ಜೊತೆಗೆ ಒಂದು ಪೆಪ್ಟೈಡನ್ನೂ ಎಳೆದುಕೊಂಡು ಬರೋ ಷರತ್ತಿನ ಮೇಲೆ. ಬಂದ ಪ್ರೋಟಾನನ್ನು ಹೊರಗೆ ಹಾಕಲು ಸೋಡಿಯಂ ಒಳಗೆ ಬರಬೇಕು, ಆ ಸೋಡಿಯಂ ಹೊರಗೆ ಹಾಕಲು ಎಟಿಪಿ ಖರ್ಚಾಗಬೇಕು. ಬಿಲ್ ಕೊನೆಗೆ ಅಲ್ಲಿ ಬೀಳುತ್ತೆ.

1994ರಲ್ಲಿ ಮೊಲದ ಕರುಳಿನಿಂದ ಈ ಪ್ರೋಟೀನಿನ ಸಂಕೇತವನ್ನು ಹೊರತೆಗೆದರು, ಮುಂದಿನ ವರ್ಷ ಮನುಷ್ಯನದ್ದನ್ನು. ಮನುಷ್ಯನದ್ದು 708 ಅಮೈನೋ ಆಮ್ಲಗಳ ಸರಪಳಿ, ಪೊರೆಯನ್ನು ಹನ್ನೆರಡು ಸಲ ಹೊಲಿದ ಹಾಗೆ ದಾಟುತ್ತೆ. ಇದರ ತಮ್ಮ ಪೆಪ್ಟ್-2 ಮೂತ್ರಪಿಂಡದಲ್ಲಿ ಕೂತು, ಮೂತ್ರದ ಜೊತೆ ಸೋರಿಹೋಗೋ ಪೆಪ್ಟೈಡ್‌ಗಳನ್ನು ವಾಪಸ್ ಹಿಡಿಯುತ್ತೆ.

ನನಗೆ ತುಂಬಾ ಹಿಡಿಸಿದ್ದು ಬೇರೆಯೇ. ವ್ಯಾಲಸೈಕ್ಲೋವಿರ್ ಪೆಪ್ಟೈಡೇ ಅಲ್ಲ! ಅದರಲ್ಲಿ ಪೆಪ್ಟೈಡ್ ಬಂಧ ಇಲ್ಲ, ಇರೋದು ಎಸ್ಟರ್ ಬಂಧ. ಆದರೂ ಪೆಪ್ಟ್-1 ಆಧಾರ್ ಕೇಳಲ್ಲ, ಆಕಾರ ಸುಮಾರಾಗಿ ಹೊಂದಿದರೆ ಸಾಕು. ಪ್ರೋಗ್ರಾಮಿಂಗ್‌ನಲ್ಲಿ ಡಕ್ ಟೈಪಿಂಗ್ ಅಂತೀವಲ್ಲ, ಬಾತುಕೋಳಿ ಥರ ನಡೆದರೆ ಬಾತುಕೋಳಿಯೇ, ಹಾಗೆ. ಸೆಫಲೆಕ್ಸಿನ್‌ನಂಥ ಆಂಟಿಬಯಾಟಿಕ್‌ಗಳು ಬಾಯಿಂದ ನುಂಗಿದರೂ ಚೆನ್ನಾಗಿ ಕೆಲಸ ಮಾಡೋದು ಇದೇ ಉದಾರತನದಿಂದ.

ಇನ್ನೊಂದು ತಮಾಷೆ. ಅಸೈಕ್ಲೋವಿರ್‌ಗೆ 18 ಬೇರೆ ಬೇರೆ ಅಮೈನೋ ಆಮ್ಲಗಳನ್ನು ಅಂಟಿಸಿ ಇಲಿಗಳಿಗೆ ಕೊಟ್ಟು ನೋಡಿದ ಕೆಲಸ 1992ರಲ್ಲಿ ಪ್ರಕಟವಾಯ್ತು. ವ್ಯಾಲೀನ್ ಗೆದ್ದಿತು. 1995ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ತು. ಅದು ಪೆಪ್ಟ್-1 ಬಾಗಿಲಿನಿಂದ ಒಳಗೆ ಹೋಗ್ತಿದೆ ಅಂತ ತೋರಿಸಿದ್ದು 1998ರಲ್ಲಿ. ಅಂದ್ರೆ ಮೊದಲು ಪ್ರೊಡಕ್ಷನ್, ಆಮೇಲೆ ಡಾಕ್ಯುಮೆಂಟೇಷನ್. ನಮ್ಮ ಆಫೀಸಿನವರು ಇದನ್ನು ಓದಿದರೆ ಸಮಾಧಾನ ಪಟ್ಕೋತಾರೆ.

ಒಳಗೆ ಹೋದ ಮೇಲೆ ಕಿಣ್ವಗಳು ವ್ಯಾಲೀನನ್ನು ಕತ್ತರಿಸಿ ಬಿಡುತ್ತವೆ. ಉಳಿಯೋದು ಅದೇ ಹಳೇ ಅಸೈಕ್ಲೋವಿರ್. ಅದು ರಕ್ತದಲ್ಲಿ ಸಾಗಿ ನರದ ದಾರಿಯಲ್ಲಿರೋ ವೈರಸ್‌ನ ಹತ್ತಿರ ಹೋಗುತ್ತೆ. ಅಪ್ಪನಿಗೆ ಹುಡುಗನಾಗಿದ್ದಾಗ ಅಮ್ಮ ಆಗಿತ್ತಂತೆ, ಅಂದರೆ ಚಿಕನ್‌ಪಾಕ್ಸ್. ಆಗ ನರದ ಬುಡದಲ್ಲಿ ಮಲಗಿದ್ದ ವೈರಸ್ಸೇ ಐವತ್ತೆಂಟು ವರ್ಷ ಆದ ಮೇಲೆ ಎದ್ದು ಕೂತಿದ್ದು. ನರ ಒಂದೇ ಪಕ್ಕಕ್ಕೆ ಹೋಗೋದರಿಂದ ಗುಳ್ಳೆಯೂ ಸಾಮಾನ್ಯವಾಗಿ ಒಂದೇ ಪಕ್ಕ. ಹಾವಿನ ತಲೆ-ಬಾಲ ಕೂಡೋದು ಅಷ್ಟು ಸುಲಭ ಅಲ್ಲ ಅಂತ ಅಮ್ಮನಿಗೆ ಹೇಳಿದೆ. "ನೀನು ಸುಮ್ನಿರು" ಅಂದರು.

ದಿನಕ್ಕೆ ಮೂರು ಅಂದ್ರೆ ಕಾಫಿ, ಮುದ್ದೆ, ರಾತ್ರಿಯ ಟಿವಿ ನ್ಯೂಸು. ಅಪ್ಪ ಇಪ್ಪತ್ತೊಂದು ಮಾತ್ರೆಯನ್ನೂ ತಪ್ಪದೆ ನುಂಗಿದರು, ಕ್ಯಾಲೆಂಡರಿನಲ್ಲಿ ಟಿಕ್ ಹಾಕಿಕೊಂಡು. ಗುಳ್ಳೆ ಒಣಗಿ ಹಕ್ಕಳೆ ಉದುರಿದೆ. ಅಂಗಿ ತಾಗಿದರೆ ಈಗಲೂ ಚುರ್ ಅನ್ನುತ್ತಂತೆ, ಅದಕ್ಕೆ ಮನೆಯಲ್ಲಿ ಬರೀ ಮೈಯಲ್ಲಿ ಟವೆಲ್ ಹೊದ್ದು ಓಡಾಡ್ತಾರೆ. ಮುಂದಿನ ವಾರ ಮತ್ತೆ ತುಮಕೂರಿಗೆ ತೋರಿಸಬೇಕು. ನಿನ್ನೆ ಫೋನ್ ಮಾಡಿದಾಗ ಪೆಪ್ಟ್-1 ಕಥೆಯನ್ನು ಪೂರ್ತಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಮೊದಲನೇ ಡಾಕ್ಟ್ರೇ ಯಾಕೆ ಅದನ್ನ ಬರೀಲಿಲ್ಲ?" ಅಂದರು. ಬೆಲೆ ಜಾಸ್ತಿ ಅಪ್ಪ, ಅದಕ್ಕಿರಬಹುದು ಅಂದೆ. ಎಷ್ಟು ಅಂತ ಕೇಳಿದರು. ಹೇಳಲಿಲ್ಲ.